ಭೂತಯ್ಯನ ದವಡೆ ಕೂಡಿದ್ದು ಹೇಗೆ

ಕಾಫಿ ತೋಟದಲ್ಲಿ ಮರಗಸಿ ಶುರುವಾಯಿತೆಂದರೆ ಯಾರಿಗಾದರೂ ಏಟಾಗದ ವರ್ಷವೇ ಇಲ್ಲ. ಮಳೆಗಾಲಕ್ಕೆ ಮುಂಚೆ ನೆರಳು ಮರಗಳ ಕೊಂಬೆ ಕಡಿದು ಗಿಡಕ್ಕೆ ಬೆಳಕು ಬಿಡಿಸುವ ಕೆಲಸ ಅದು. ಒಬ್ಬ ಜಾರಿ ಬೀಳುತ್ತಾನೆ, ಇನ್ನೊಬ್ಬನಿಗೆ ಕತ್ತಿ ತಾಗುತ್ತದೆ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಎರಡು ದಿನ ಮಲಗಿ ಮತ್ತೆ ಕೆಲಸಕ್ಕೆ ಹೋಗುವುದು ನಮ್ಮಲ್ಲಿ ಎಲ್ಲರ ರೂಢಿ.

ಬಣಕಲ್ ಹತ್ತಿರದ ತೋಟವೊಂದರ ಭೂತಯ್ಯನಿಗೆ ಆದ ಏಟು ಅಂಥದ್ದಲ್ಲ. ದೊಡ್ಡ ಯುದ್ಧ ಮುಗಿದ ಮಾರನೇ ವರ್ಷ, ಮೇ ತಿಂಗಳು. ಮೇಲೆ ಮರದಲ್ಲಿದ್ದವನು ಕೊಂಬೆ ಕಡಿಯುತ್ತಿದ್ದ, ಕೆಳಗೆ ಭೂತಯ್ಯ ಹಗ್ಗ ಹಿಡಿದು ಎಳೆಯುತ್ತಿದ್ದ. ಕೊಂಬೆ ಕೆಳಕ್ಕೆ ಬೀಳುವ ಬದಲು ಹಗ್ಗದಲ್ಲೇ ತೂಗಿ ಬಂತು. ಅದರ ಬುಡ ನೇರವಾಗಿ ಅವನ ಗಲ್ಲಕ್ಕೆ ಬಡಿಯಿತು.

ಜೊತೆಯವರು ಓಡಿ ಬಂದರು. ಬಾಯಿ ತುಂಬ ರಕ್ತ. ಗೋಣಿ ಹಾಸಿ ಅಂಗಾತ ಮಲಗಿಸಿದರು. ತಲೆಯ ಮೇಲೆ ನೀರು ಸುರಿದರು. ಭೂತಯ್ಯನ ಗಂಟಲಲ್ಲಿ ಗೊರಗೊರ ಸದ್ದು ಶುರುವಾಯಿತು. ಮುಖ ಕಪ್ಪಿಟ್ಟಿತು. ಕೈಕಾಲು ಬಡಿಯತೊಡಗಿದ.

"ತಿರುಗಿಸ್ರೋ! ಅಂಗಾತ ಮಲಗಿಸ್ಬೇಡಿ!"

ಕೂಗುತ್ತ ಓಡಿ ಬಂದವನು ಜವರಯ್ಯ. ತೋಟದ ಡ್ರೆಸ್ಸರ್. ಗಾಯಕ್ಕೆ ಪಟ್ಟಿ ಕಟ್ಟುವುದು, ಜ್ವರಕ್ಕೆ ಕ್ವಿನೈನ್ ಕೊಡುವುದು ಅವನ ಕೆಲಸ. ಯುದ್ಧದ ಮೂರು ವರ್ಷ ಬರ್ಮಾ ಗಡಿಯ ಮಿಲಿಟರಿ ಆಸ್ಪತ್ರೆಯಲ್ಲಿ ದುಡಿದು ಬಂದವನು. ಅವನು ಭೂತಯ್ಯನನ್ನು ಮಗ್ಗುಲಿಗೆ ಹೊರಳಿಸಿ, ಮುಖ ನೆಲದ ಕಡೆ ಮಾಡಿದ. ಬಾಯೊಳಗೆ ಬೆರಳು ಹಾಕಿ ಹೆಪ್ಪುಗಟ್ಟಿದ ರಕ್ತವನ್ನೂ ಒಂದು ಮುರಿದ ಹಲ್ಲನ್ನೂ ತೆಗೆದ. ಭೂತಯ್ಯ ಒಮ್ಮೆ ಕೆಮ್ಮಿದ. ಉಸಿರು ಬಂತು.

"ದವಡೆ ಮುರಿದ್ರೆ ನಾಲಿಗೆ ಹಿಂದಕ್ಕೆ ಬೀಳ್ತದೆ ಮಾರಾಯ. ಅಂಗಾತ ಮಲಗಿಸಿದ್ರೆ ರಕ್ತಾನೂ ನಾಲಿಗೇನೂ ಸೇರಿ ಗಂಟ್ಲು ಮುಚ್ತದೆ. ಇನ್ನೊಂದು ಗಳಿಗೆ ಆಗಿದ್ರೆ ಇವ್ನು ನಮ್ಮ ಕೈಗೆ ಸಿಗ್ತಿರ್ಲಿಲ್ಲ" ಎಂದ ಜವರಯ್ಯ. ಗಲ್ಲದ ಕೆಳಗಿಂದ ನೆತ್ತಿಗೆ ಒಂದು ಅಗಲದ ಪಟ್ಟಿ ಸುತ್ತಿ, ಭೂತಯ್ಯನನ್ನು ಮುಂದಕ್ಕೆ ಬಾಗಿಸಿ ಕೂರಿಸಿಕೊಂಡೇ ಗಾಡಿಯಲ್ಲಿ ಲೈನಿಗೆ, ಅಂದರೆ ತೋಟದ ಆಳುಗಳ ಮನೆಸಾಲಿಗೆ, ಕರೆತಂದ.

ಲೈನಿನ ಮನೆಯಲ್ಲಿ ಭೂತಯ್ಯನ ಹೆಂಡತಿ ಅಣ್ಣಮ್ಮ, ತಾಯಿ ಹುಚ್ಚಮ್ಮ ಇದ್ದರು. ಹುಚ್ಚಮ್ಮ ಮಗನ ಮುಖ ನೋಡಿದವಳೇ ಎದೆ ಬಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, "ಕೊಟ್ಟಿಗೆಹಾರದ ಕಡೆ ಮೂಳೆ ಕಟ್ಟೋರು ಅವ್ರೆ. ಸೊಪ್ಪು ಅರೆದು ಮೆತ್ತಿ ಕಟ್ತಾರೆ. ಅವ್ರನ್ನ ಕರ್ಸಿ" ಎಂದಳು.

ಜವರಯ್ಯ ಭೂತಯ್ಯನ ಎದುರು ಕುಕ್ಕುರು ಕೂತ.

"ಭೂತಯ್ಯ, ನಿಧಾನ ಹಲ್ಲು ಕಚ್ಚು ನೋಡಾಣ."

ಭೂತಯ್ಯ ಕಚ್ಚಲು ನೋಡಿದ. ಮೇಲಿನ ಹಲ್ಲು ಒಂದು ಕಡೆ, ಕೆಳಗಿನ ಹಲ್ಲು ಇನ್ನೊಂದು ಕಡೆ. ಕೆಳಗಿನ ಸಾಲಿನ ನಡುವೆ ಮೆಟ್ಟಿಲಿನ ಹಾಗೆ ಏರುಪೇರು.

"ಕೆಳತುಟಿ ಮುಟ್ತಿದೀನಿ. ಗೊತ್ತಾಗ್ತದಾ?"

ಭೂತಯ್ಯ ಇಲ್ಲವೆಂದು ಕೈ ಆಡಿಸಿದ.

"ಹುಚ್ಚಮ್ಮಾರೇ, ಇದು ಬರೀ ಊತ ಅಲ್ಲ. ದವಡೆ ಮೂಳೆ ಮುರಿದದೆ. ಚಿಕ್ಕಮಗಳೂರಿನ ಆಸ್ಪತ್ರೆಗೆ ರಂಗನಾಥ ಅಂತ ಡಾಕ್ಟ್ರು ಬಂದವ್ರೆ. ಯುದ್ಧದಾಗೆ ಗುಂಡು ಬಿದ್ದು ಮುಖ ಒಡೆದೋರ್ನೆಲ್ಲ ರಿಪೇರಿ ಮಾಡಿದೋರು. ಬಾಯಿ, ದವಡೆ, ಮುಖದ ಮೂಳೆ, ಇದೇ ಅವ್ರ ಕಸುಬು. ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡಾಣ."

"ಎಂತ ಮಾಡ್ತಾರೆ ಅಲ್ಲಿ?" ಎಂದು ಅಣ್ಣಮ್ಮ ಕೇಳಿದಳು.

ಜವರಯ್ಯ ಮುಚ್ಚಿಡಲಿಲ್ಲ. "ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸಣ್ಣ ತಂತಿ ಹಾಕಿ ಬಿಗಿತಾರೆ. ಆರು ವಾರ ಬಾಯಿ ತೆಗಿಯಂಗಿಲ್ಲ. ಅಷ್ಟ್ರೊಳಗೆ ಮೂಳೆ ಕೂಡ್ತದೆ."

ಹುಚ್ಚಮ್ಮ ಎದ್ದು ನಿಂತಳು. "ಬಾಯಿ ಹೊಲಿತಾರಾ? ಗೋಣಿ ಹೊಲ್ದಂಗೆ ನನ್ನ ಮಗನ ಬಾಯಿ ಹೊಲಿತಾರಾ? ಅನ್ನ ಎಲ್ಲಿಂದ ಹೋಗ್ಬೇಕು? ಉಪವಾಸ ಕೆಡವಿ ಸಾಯ್ಸೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಾ ಕಳ್ಸಲ್ಲ."

"ಗಂಜಿ, ಹಾಲು ಎಲ್ಲಾ ಹೋಗ್ತದೆ ಅಮ್ಮಾ..."

"ನಾ ಕಳ್ಸಲ್ಲ ಅಂದೆ."

ಬಾಗಿಲ ಬಳಿ ನೆರೆಮನೆಯ ಮಾರಯ್ಯ ನಿಂತಿದ್ದ. ಅವನು ಯಾರ ಮನೆ ಮುಂದೆಯೂ ಹಾಗೆ ನಿಲ್ಲುವವನಲ್ಲ. ಇಪ್ಪತ್ತು ವರ್ಷದ ಹಿಂದೆ ಎತ್ತು ಒದ್ದು ಅವನ ದವಡೆ ಮುರಿದಿತ್ತು. ಸೊಪ್ಪು ಮೆತ್ತಿ ಕಟ್ಟಿದ್ದರು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಮುಖ ಒಂದು ಕಡೆಗೆ ವಾಲಿಕೊಂಡಿತ್ತು. ಗಲ್ಲದ ಕೆಳಗೊಂದು ತೂತಿನಿಂದ ಸದಾ ಕೀವು. ಹಲ್ಲಿಗೆ ಹಲ್ಲು ಕೂಡದ ಕಾರಣ ಅನ್ನವನ್ನು ಕಿವುಚಿ ನುಂಗುತ್ತಿದ್ದ. ಊಟಕ್ಕೆ ಕೂತರೆ ಗೋಡೆ ಕಡೆ ತಿರುಗಿ ಕೂರುತ್ತಿದ್ದ. ಮದುವೆ ಮನೆಗೂ ಹೋಗುವುದನ್ನು ಬಿಟ್ಟಿದ್ದ.

ಮಾರಯ್ಯ ಒಳಗೆ ಬಂದು, ಗಲ್ಲಕ್ಕೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿದ. ಆ ತೂತನ್ನು ಬೆರಳಿನಿಂದ ತೋರಿಸಿದ.

"ನೋಡು ಅತ್ತಿಗೆ" ಎಂದ ಹುಚ್ಚಮ್ಮನಿಗೆ. ಮಾತು ತೊದಲುತ್ತಿತ್ತು. ಆದರೂ ಎಲ್ಲರಿಗೂ ಅರ್ಥವಾಯಿತು. "ನನ್ಗೆ ಆಗ ಹೇಳೋರು ಇರ್ಲಿಲ್ಲ. ಅಂವ್ನಿಗೆ ಅವ್ರೆ. ಕಳ್ಸು."

ಅಷ್ಟೇ ಹೇಳಿ ಬಟ್ಟೆ ಸುತ್ತಿಕೊಂಡು ಹೊರಟುಹೋದ.

ಹುಚ್ಚಮ್ಮ ಮಾರಯ್ಯ ಹೋದ ದಾರಿಯನ್ನೇ ನೋಡುತ್ತ ನಿಂತಳು. ಕೊನೆಗೆ, "ಹೋಗೋದಾದ್ರೆ ನಾನೂ ಬರ್ತೀನಿ. ಹೊಲಿಯೋಕೆ ಬಂದ್ರೆ ಕೈ ಹಿಡಿತೀನಿ" ಎಂದಳು.

ಮಾರನೇ ಬೆಳಿಗ್ಗೆ ನಾಲ್ವರೂ ಇದ್ದಿಲು ಬಸ್ಸು ಹತ್ತಿದರು. ಯುದ್ಧ ಮುಗಿದರೂ ಪೆಟ್ರೋಲ್ ಇನ್ನೂ ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಕಟ್ಟಿದ ಒಲೆಯಲ್ಲಿ ಇದ್ದಿಲು ಉರಿಸಿ, ಅದರ ಗಾಳಿಯಲ್ಲಿ ಓಡಿಸುತ್ತಿದ್ದರು. ಏರು ಬಂದಾಗ ಜನ ಇಳಿದು ನಡೆಯಬೇಕು. ಮೂಡಿಗೆರೆ ದಾಟಿ ಚಿಕ್ಕಮಗಳೂರು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ದಾರಿಯುದ್ದಕ್ಕೂ ಜವರಯ್ಯ ಭೂತಯ್ಯನ ತಲೆ ಮುಂದಕ್ಕೆ ಬಾಗಿರುವಂತೆ ನೋಡಿಕೊಂಡ.

ಡಾಕ್ಟರ್ ರಂಗನಾಥರು ಎತ್ತರದ ಆಳು. ಮಾತು ಮಾತ್ರ ಮೆತ್ತಗೆ. ಕೈ ತೊಳೆದುಕೊಂಡು ಬಂದು, ಭೂತಯ್ಯನ ಕಿವಿಯ ಮುಂದೆ, ದವಡೆಯ ಅಂಚಿಗೆ, ನಾಲಿಗೆಯ ಕೆಳಗೆ ಬೆರಳಾಡಿಸಿ ನೋಡಿದರು.

"ಎರಡು ಕಡೆ ಮುರಿದಿದೆ. ಎಡಕ್ಕೆ ಮುಂದೆ ಒಂದು, ಬಲಕ್ಕೆ ಹಿಂದೆ ಒಂದು. ಮಾರನೇ ದಿನವೇ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು. ಸೊಪ್ಪು ಏನಾದ್ರೂ ಮೆತ್ತಿದ್ರಾ?"

"ಇಲ್ಲ ಸ್ವಾಮಿ" ಎಂದ ಜವರಯ್ಯ.

"ಬದುಕ್ಸಿದೆ ಮಾರಾಯ. ಬಾಯೊಳಗಿನ ಗಾಯಕ್ಕೂ ಮೂಳೆಗೂ ನಡುವೆ ಗೋಡೆ ಇಲ್ಲ. ಹೊಲಸು ಸೇರಿದ್ರೆ ಮೂಳೆಗೇ ಕೀವು."

ಹುಚ್ಚಮ್ಮ ಮುಂದೆ ಬಂದಳು. "ಸ್ವಾಮೀ, ಬಾಯಿ ಹೊಲಿತೀರಂತೆ."

ಡಾಕ್ಟರು ನಗಲಿಲ್ಲ. "ಓಂಕಾರಪ್ಪಾ, ಅಮ್ಮನಿಗೆ ನಿನ್ನ ಕೆಲಸ ತೋರ್ಸು" ಎಂದರು.

ಓಂಕಾರಪ್ಪ ಹಲ್ಲಿನ ಅಚ್ಚು ಮಾಡುವವನು. ಡಾಕ್ಟರ ಜೊತೆಗೇ ಕೆಲಸ. ಮೊದಲು ಭೂತಯ್ಯನ ಬಾಯಿಗೆ ನೋವು ತಿಳಿಯದಂತೆ ಸೂಜಿ ಹಾಕಿದರು. ಆಮೇಲೆ ಓಂಕಾರಪ್ಪ ಬಿಸಿನೀರಿನಲ್ಲಿ ಮೆತ್ತಗಾದ ಮೇಣದಂಥ ಮುದ್ದೆಯಿಂದ ಹಲ್ಲಿನ ಗುರುತು ತೆಗೆದ. ಅದಕ್ಕೆ ಬಿಳಿ ಗಾರೆ ಹೊಯ್ದು, ಒಣಗಿದ ಮೇಲೆ ತಂದು ಹುಚ್ಚಮ್ಮನ ಕೈಗೆ ಕೊಟ್ಟ. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಇದ್ದವು.

ಹುಚ್ಚಮ್ಮ ತಿರುಗಿಸಿ ತಿರುಗಿಸಿ ನೋಡಿದಳು. "ಈ ಓರೆ ಹಲ್ಲು ಇವ್ನದೇ! ಹಾಲುಹಲ್ಲು ಬಿದ್ದ ಮೇಲೆ ಹಿಂಗೇ ಬಂತು" ಎಂದಳು.

"ಹೌದಮ್ಮಾ. ಈಗ ನೋಡಿ, ಇವು ಕೂಡ್ತವಾ?"

ಕೂಡಲಿಲ್ಲ. ಓಂಕಾರಪ್ಪ ಮೂಳೆ ಮುರಿದ ಜಾಗಕ್ಕೆ ಸರಿಯಾಗಿ ಕೆಳಗಿನ ಅಚ್ಚನ್ನು ಗರಗಸದಿಂದ ಕೊಯ್ದ. ತುಂಡನ್ನು ಒಂದಿಷ್ಟು ಮೇಲಕ್ಕೆ, ಒಂದಿಷ್ಟು ಒಳಕ್ಕೆ ಸರಿಸಿದ. ಕೆಳಗಿನ ಸಾಲು ಮೇಲಿನ ಸಾಲಿಗೆ ಬಂದು ಕೂತಿತು. ಒಂದು ಹಲ್ಲೂ ಆಚೀಚೆ ಇಲ್ಲ.

"ಹಲ್ಲು ಸರಿ ಕೂತ್ರೆ ಮೂಳೆ ಸರಿ ಕೂತ ಹಾಗೆ" ಎಂದರು ಡಾಕ್ಟರು. "ಕೈ ಮುರಿದ್ರೆ ದಬ್ಬೆ ಕಟ್ಟಿ ಅಲುಗಾಡ್ದಂಗೆ ಇಡ್ತೀರಿ ಅಲ್ವಾ? ದವಡೆಗೆ ದಬ್ಬೆ ಎಲ್ಲಿ ಕಟ್ಟೋದು? ಅದಕ್ಕೇ ಮೇಲಿನ ಹಲ್ಲನ್ನೇ ದಬ್ಬೆ ಮಾಡ್ಕೋತೀವಿ. ತುಟಿಗೆ ಸೂಜಿ ಮುಟ್ಸಲ್ಲ. ತಂತಿ ಹಲ್ಲಿಗೆ ಮಾತ್ರ. ಹೊಲಿಗೆ ಅಲ್ಲ ಅಮ್ಮಾ, ಕಟ್ಟು."

ಹುಚ್ಚಮ್ಮ ಅಚ್ಚನ್ನು ಸೆರಗಿನ ಮೇಲಿಟ್ಟುಕೊಂಡು ಕೂತಳು. ಆಮೇಲೆ ಮಗನ ಕಡೆ ನೋಡಿ, "ಹೋಗು ಮಗಾ" ಎಂದಳು.

ಮರುದಿನ ಬೆಳಿಗ್ಗೆ ಕೆಲಸ ನಡೆಯಿತು. ಮತ್ತೆ ಸೂಜಿ ಹಾಕಿದರು. ಮುರಿದ ಜಾಗದಲ್ಲಿ ಸಿಕ್ಕಿಕೊಂಡಿದ್ದ ಒಂದು ಹಲ್ಲಿನ ಬೇರನ್ನು ತೆಗೆದರು. ನರ್ಸ್ ತುಂಗಮ್ಮ ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯಲ್ಲಿ ರಕ್ತ, ಜೊಲ್ಲು ಒರೆಸುತ್ತ, ನಡುನಡುವೆ "ಮೂಗಲ್ಲಿ ಉಸಿರಾಡಿ ಭೂತಯ್ಯಾ, ಹಾಂ, ಹಾಗೆ" ಎನ್ನುತ್ತಿದ್ದರು. ಡಾಕ್ಟರು ಹಲ್ಲು ಹಲ್ಲಿಗೆ ತಂತಿ ಸುತ್ತಿ, ದವಡೆಯನ್ನು ಜಾಗಕ್ಕೆ ತಂದು, ಮೇಲಿನದಕ್ಕೂ ಕೆಳಗಿನದಕ್ಕೂ ಗಂಟು ಬಿಗಿದರು. ನೋವಿಗಿಂತ ಹೆಚ್ಚಾಗಿ ಹಿಡಿದು ಎಳೆದ ಹಾಗೆ ಅನ್ನಿಸಿತು ಎಂದು ಭೂತಯ್ಯ ಆಮೇಲೆ ಹೇಳಿದ.

ಎಂಟು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಆ ಎಂಟು ದಿನ ತುಂಗಮ್ಮ ಅಣ್ಣಮ್ಮನಿಗೆ ಪಾಠ ಹೇಳಿದರು. ಗಂಜಿ ಸೋಸಿ ಕೊಡಬೇಕು. ಹಾಲು, ಬೇಳೆಕಟ್ಟು, ತಿಳಿಯಾದ ರಾಗಿ ಅಂಬಲಿ, ದಿನಕ್ಕೆ ಆರೇಳು ಸಲ. ಹಲ್ಲು ಹೋದ ಸಂದಿಯಲ್ಲಿ ರಬ್ಬರ್ ನಳಿಗೆ ಇಟ್ಟರೆ ಅವನೇ ಹೀರಿಕೊಳ್ಳುತ್ತಾನೆ. ಪ್ರತಿ ಸಲ ಕುಡಿದ ಮೇಲೆ ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ತೊಳೆಯಬೇಕು.

ಹೊರಡುವ ದಿನ ತುಂಗಮ್ಮ ಒಂದು ಸಣ್ಣ ಇಕ್ಕಳ ಕೊಟ್ಟರು. ತಂತಿ ಕತ್ತರಿಸುವ ಇಕ್ಕಳ.

"ಇದು ಸದಾ ಇವ್ರ ಹತ್ರ ಇರ್ಬೇಕು. ವಾಂತಿ ಬಂದ್ರೆ ಹೆದರ್ಬೇಡಿ. ಮೊದ್ಲು ಮುಂದಕ್ಕೆ ಬಾಗ್ಸಿ, ತಲೆ ಕೆಳಗೆ ಮಾಡಿ. ಹಲ್ಲಿನ ಸಂದಿಯಿಂದ, ಮೂಗಿಂದ ಹೊರಗೆ ಬರ್ತದೆ. ಅಷ್ಟಾದ್ರೂ ಉಸಿರು ಕಟ್ಟಿದ್ರೆ ಮಾತ್ರ, ಮೇಲಕ್ಕೂ ಕೆಳಕ್ಕೂ ಕಟ್ಟಿರೋ ಈ ನಿಂತ ತಂತಿ ಕತ್ತರ್ಸಿ. ಇದು, ಇದು, ಇದು, ಇದು." ಅಣ್ಣಮ್ಮನ ಬೆರಳು ಹಿಡಿದು ನಾಲ್ಕನ್ನೂ ಮುಟ್ಟಿಸಿದರು. "ಮತ್ತೆ ಕಟ್ಟಬಹುದು, ಅದರ ಚಿಂತೆ ಬೇಡ. ಜೀವ ಮೊದ್ಲು."

ಪಾಠ ಕಲಿತದ್ದು ಅದೇ ದಿನ ಕೆಲಸಕ್ಕೆ ಬಂತು. ಜವರಯ್ಯ ಮೊದಲೇ ತೋಟಕ್ಕೆ ಮರಳಿದ್ದ. ಬಸ್ಸಿನಲ್ಲಿ ಅತ್ತೆ, ಸೊಸೆ, ಭೂತಯ್ಯ ಮೂವರೇ. ಮೂಡಿಗೆರೆ ದಾಟಿದ ಮೇಲೆ ತಿರುವಿನ ಮೇಲೆ ತಿರುವು. ಇದ್ದಿಲ ಹೊಗೆ ಒಳಗೆ ನುಗ್ಗುತ್ತಿತ್ತು. ಭೂತಯ್ಯ ಹೊಟ್ಟೆ ಹಿಡಿದುಕೊಂಡ. ಕಣ್ಣಲ್ಲಿ ಭಯ.

"ವಾಂತಿ! ವಾಂತಿ ಬರ್ತದೆ ಅಂವ್ನಿಗೆ! ಕತ್ತರ್ಸೇ ಅಣ್ಣಮ್ಮಾ, ಕತ್ತರ್ಸು!" ಹುಚ್ಚಮ್ಮ ಚೀರಿದಳು.

ಅಣ್ಣಮ್ಮ ಸೆರಗಿನ ಗಂಟಿನಿಂದ ಇಕ್ಕಳ ತೆಗೆದಳು. ಆದರೆ ಕತ್ತರಿಸಲಿಲ್ಲ. ಎಡಗೈಯಿಂದ ಗಂಡನ ಕತ್ತು ಹಿಡಿದು ಮುಂದಕ್ಕೆ, ಮೊಣಕಾಲಿಗಿಂತ ಕೆಳಕ್ಕೆ ಬಾಗಿಸಿದಳು. "ಬರ್ಲಿ ಬಿಡಿ. ತಡೀಬೇಡಿ" ಎಂದಳು. ಕುಡಿದ ಗಂಜಿಯೆಲ್ಲ ಹಲ್ಲಿನ ಸಂದಿಯಿಂದಲೂ ಮೂಗಿನಿಂದಲೂ ಸುರಿಯಿತು. ಇಕ್ಕಳದ ಬಾಯಿ ಮೊದಲನೇ ತಂತಿಯ ಹತ್ತಿರವೇ ಇತ್ತು. ಅಣ್ಣಮ್ಮ ಅವನ ಬೆನ್ನನ್ನೇ ನೋಡುತ್ತಿದ್ದಳು. ಬೆನ್ನು ಏರಿತು, ಇಳಿಯಿತು. ಮತ್ತೆ ಏರಿತು. ಉಸಿರು ಸಲೀಸಾಗಿತ್ತು.

ಭೂತಯ್ಯ ತಲೆ ಎತ್ತಿ, ಕಟ್ಟಿದ ಹಲ್ಲಿನೊಳಗಿಂದಲೇ, "ಸಾಕು ಕಣೇ, ಕತ್ತು ಬಿಡು" ಎಂದ.

ಅಣ್ಣಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಬಸ್ಸಿನವರೆಲ್ಲ ನಕ್ಕರು. ಡ್ರೈವರ್ ಬಸ್ಸು ನಿಲ್ಲಿಸಿ, ಹಳ್ಳದಿಂದ ನೀರು ತರಿಸಿಕೊಟ್ಟ. ಹುಚ್ಚಮ್ಮ ಸೊಸೆಯ ಕೈ ಹಿಡಿದುಕೊಂಡವಳು ಬಣಕಲ್ ಬರುವವರೆಗೂ ಬಿಡಲಿಲ್ಲ.

ಲೈನಿನಲ್ಲಿ ಭೂತಯ್ಯನನ್ನು ನೋಡಲು ಜನವೋ ಜನ. "ಪಾಪ, ಎಷ್ಟು ಇಳ್ದು ಹೋಗಿದಾನೆ. ಒಂದು ತಂತಿ ಸಡಿಲ ಮಾಡಿ ಒಂದು ಚೂರು ರೊಟ್ಟಿ ಕೊಡಿ. ಏನಾಗ್ತದೆ?" ಎಂದಳೊಬ್ಬಳು.

ಅವಳಿಗೆ ಉತ್ತರ ಕೊಟ್ಟವಳು ಹುಚ್ಚಮ್ಮ. "ಏನಾಗ್ತದಾ? ಮಾರಯ್ಯನ ಮುಖ ನೋಡಿಲ್ವಾ ನೀನು? ಕೂಡೋ ಮೂಳೆ ಅಲುಗಾಡಿದ್ರೆ ಸೊಟ್ಟ ಕೂಡ್ತದೆ. ಇಲ್ಲಾ ಕೂಡೋದೇ ಇಲ್ಲ. ಬಾಯಿಗೆ ರೊಟ್ಟಿ ತಂದ್ರೆ ನಿನ್ನ ಕೈ ಮುರಿತೀನಿ." ಅಷ್ಟು ಹೇಳಿ ಗಿಂಡಿಯಲ್ಲಿ ಅಂಬಲಿ ತುಂಬಿ, ಅದರ ಮೂತಿಗೆ ನಳಿಗೆ ಸಿಕ್ಕಿಸಿ ಮಗನಿಗೆ ಕೊಟ್ಟಳು. ನಳಿಗೆ ಇಡಲು ತುಂಗಮ್ಮ ತೋರಿಸಿದ್ದು ಪಿಂಗಾಣಿ ಬಟ್ಟಲು. ಗಿಂಡಿ ಹುಚ್ಚಮ್ಮನದೇ ಉಪಾಯ.

ವಾರ ಬಿಟ್ಟು ವಾರ ಚಿಕ್ಕಮಗಳೂರಿಗೆ ಹೋಗಿ ತಂತಿ ಬಿಗಿ ಮಾಡಿಸಿಕೊಂಡು ಬಂದರು. ಆರು ವಾರ ತುಂಬಿ ತಂತಿ ತೆಗೆಸಲು ಹೊರಟಾಗ ಮಳೆ ಹಿಡಿದಿತ್ತು. ಆ ದಿನ ಹುಚ್ಚಮ್ಮ ಮಾರಯ್ಯನ ಮನೆ ಮುಂದೆ ನಿಂತು, "ಕಂಬಳಿ ಹೊದ್ದು ಹೊರಡು. ನೀನೂ ಬಾ" ಎಂದಳು.

"ನನ್ಗೆ ಇನ್ನೇನು? ಇಪ್ಪತ್ತು ವರ್ಷ ಆಯ್ತು."

"ಡಾಕ್ಟ್ರು ಹೇಳ್ಲಿ ಅದನ್ನ. ನೀನೇನು ಡಾಕ್ಟ್ರಾ?"

ಡಾಕ್ಟರು ಮಾರಯ್ಯನಿಗೆ ಸುಳ್ಳು ಭರವಸೆ ಕೊಡಲಿಲ್ಲ. "ಸೊಟ್ಟ ಕೂಡಿದ ಮೂಳೆ ಈ ವಯಸ್ಸಿನಲ್ಲಿ ಮತ್ತೆ ಮುರಿದು ಕೂಡ್ಸೋದು ಬೇಡ. ಆದ್ರೆ ಈ ಕೀವು ನಿಲ್ಸಬಹುದು" ಎಂದರು. ಗಲ್ಲದೊಳಗೆ ಸತ್ತುಹೋದ ಮೂಳೆಯ ಒಂದು ಚೂರು, ಒಂದು ಹುಳುಕು ಬೇರು ಉಳಿದಿದ್ದವು. ಎರಡನ್ನೂ ತೆಗೆದರು. ಇಪ್ಪತ್ತು ವರ್ಷ ಸೋರಿದ ತೂತು ಮೂರು ವಾರದಲ್ಲಿ ಒಣಗಿತು. ಮಾರಯ್ಯ ಗಲ್ಲದ ಬಟ್ಟೆ ಬಿಸಾಡಿದ.

ಡಾಕ್ಟರ ಬಳಿ ಹೋದ ಅದೇ ದಿನ ಭೂತಯ್ಯನ ತಂತಿ ಕತ್ತರಿಸಿದಾಗ ಅವನ ಬಾಯಿ ಒಂದು ಬೆರಳಷ್ಟು ಮಾತ್ರ ತೆರೆಯಿತು. ಹುಚ್ಚಮ್ಮನಿಗೆ ಮತ್ತೆ ದಿಗಿಲು.

"ಆರು ವಾರ ಕಟ್ಟಿ ಹಾಕಿದ ಎತ್ತು ಬಿಟ್ಟ ತಕ್ಷಣ ಓಡ್ತದಾ ಅಮ್ಮಾ?" ಎಂದರು ತುಂಗಮ್ಮ. ತೆಳ್ಳನೆಯ ಮರದ ಪಟ್ಟಿಗಳನ್ನು ಕೊಟ್ಟು, ದಿನಕ್ಕೊಂದು ಹೆಚ್ಚಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ಅಗಲಿಸುವುದನ್ನು ಹೇಳಿಕೊಟ್ಟರು. ಓಂಕಾರಪ್ಪ ಭೂತಯ್ಯನಿಗೆ ಹಲ್ಲು ಕಚ್ಚಲು ಹೇಳಿದ. ಹಲ್ಲಿಗೆ ಹಲ್ಲು ಟಕ್ಕೆಂದು ಕೂತಿತು. ಓಂಕಾರಪ್ಪ ಡಾಕ್ಟರ ಮುಖ ನೋಡಿ ನಕ್ಕ.

ಮೊದಲು ಮೆತ್ತನೆ ಅನ್ನ, ಆಮೇಲೆ ಕಡುಬು, ಆಮೇಲೆ ರೊಟ್ಟಿ. ಶ್ರಾವಣ ಬರುವಷ್ಟರಲ್ಲಿ ಬಾಯಿ ಮೂರು ಬೆರಳು ತೆರೆಯುತ್ತಿತ್ತು. ಕೆಳತುಟಿಗೆ ಸ್ಪರ್ಶವೂ ಬರುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣಮ್ಮ ಹಲಸಿನ ಹಪ್ಪಳ ಸುಟ್ಟು ತಂದಳು. ಭೂತಯ್ಯ ತಾಯಿಯ ಮುಖ ನೋಡಿದ. ಕಚ್ಚಿದ. ಕಟುಂ ಎಂದ ಸದ್ದು ಹೊರಗಿನ ಮಳೆಯಲ್ಲೂ ಕೇಳಿಸಿತು.

"ನಿಧಾನ ತಿನ್ನೋ" ಎಂದಳು ಹುಚ್ಚಮ್ಮ. ಆಮೇಲೆ ತಾನೇ ಎದ್ದುಹೋಗಿ ಇನ್ನೆರಡು ಹಪ್ಪಳ ತಂದು ಅವನ ಎಲೆಗೆ ಹಾಕಿದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮುಖಕ್ಕೆ ಏಟು ಬಿದ್ದವರನ್ನು ಅಂಗಾತ ಮಲಗಿಸಬೇಡಿ. ಮಗ್ಗುಲಿಗೆ ಹೊರಳಿಸಿ, ಇಲ್ಲವೇ ಮುಂದಕ್ಕೆ ಬಾಗಿಸಿ ಕೂರಿಸಿ. ಬಾಯೊಳಗಿನ ರಕ್ತ, ಮುರಿದ ಹಲ್ಲು ತೆಗೆಯಿರಿ. ಹಲ್ಲಿಗೆ ಹಲ್ಲು ಕೂಡದಿದ್ದರೆ, ತುಟಿ ಮರಗಟ್ಟಿದರೆ, ದವಡೆ ಮುರಿದಿರಬಹುದು ಎಂದು ತಿಳಿಯಿರಿ. ಸೊಪ್ಪು, ಸಗಣಿ ಮೆತ್ತಬೇಡಿ, ಮಾರನೇ ದಿನದೊಳಗೆ ಆಸ್ಪತ್ರೆ ಮುಟ್ಟಿಸಿ. ಏಟು ಮಾತ್ರವಲ್ಲ, ಹಲ್ಲಿನ ಬೇರಿನಿಂದ ಕೆನ್ನೆಗೆ ಇಳಿದ ಕೀವು, ಎರಡು ವಾರವಾದರೂ ಮಾಯದ ಬಾಯಿ ಹುಣ್ಣು, ಕೂಸಿನ ಸೀಳುತುಟಿ, ಇವನ್ನೆಲ್ಲ ನೋಡುವ ಡಾಕ್ಟರು, ನರ್ಸು, ಅಚ್ಚಿನವರು ಇದ್ದಾರೆ. ನಿಮಗೆ ಹೆದರಿಕೆಯಿದ್ದರೆ ಹುಚ್ಚಮ್ಮನ ಹಾಗೆ ಜೊತೆಯಲ್ಲೇ ಹೋಗಿ, ಎದುರು ನಿಂತು ಪ್ರಶ್ನೆ ಕೇಳಿ. ಅವರು ಉತ್ತರ ಹೇಳುತ್ತಾರೆ. ಆದರೆ ಮನೆಯಲ್ಲೇ ಕೂತು ದಿನ ಕಳೆಯಬೇಡಿ. ನಿಮ್ಮ ಲೈನಿನಲ್ಲೂ ಒಬ್ಬ ಮಾರಯ್ಯ ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದರೆ, ಇವತ್ತೇ ಹೋಗಿ ಅವನನ್ನು ಆಸ್ಪತ್ರೆಗೆ ಹೊರಡಿಸಿ.